ಆದಿವಾಲದಲ್ಲಿ ಒಂದೇ ಸಲ ಕರೆದ ದನಿ

ಆದಿವಾಲದ ಕುರಿ ಸಾಕಣೆದಾರರ ಸಂಘದ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಮಹಾನುಭಾವ ನಾನೇ. ಸಂಘದ ಬೀಗ ಹಾಕಿದ ಕೋಣೆಯಲ್ಲಿ ಸರ್ವರ್ ಇದೆ. ಚಿತ್ರದುರ್ಗದ ಮನೆಯಿಂದಲೇ ಅದಕ್ಕೆ ಆಜ್ಞೆ ಕೊಡುತ್ತೇನೆ. ಹೊತ್ತು ಗೊತ್ತುಮಾಡಿಟ್ಟರೆ ಸಾಕು, ದೀಪ ಹಚ್ಚುವ ವೇಳೆಗೆ ಅದು ತಾನೇ ಎದ್ದು, ಛಾವಣಿಯ ಸ್ಪೀಕರ್‌ನಲ್ಲಿ "ಅಣ್ಣೋ, ಕೇಳ್ರೀ!" ಎಂದು ಕರೆದು, ನನ್ನಿಂದ ಆ ದಿನದ ಸುದ್ದಿ ತರಿಸಿಕೊಂಡು ಊರಿಗೆಲ್ಲ ಕೇಳಿಸಬೇಕು. ಮೊದಲೇ ಮುದ್ರಿಸಿಟ್ಟ ಆ ದನಿ ನನ್ನ ಹೆಂಡತಿ ಸುಜಾತಳದು. ಆದಿವಾಲ ಅವಳ ತವರು. ಮೊದಲ ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಮನೆಯಲ್ಲಿ ಕೇಳದ ನನ್ನ ಮಾತನ್ನು ಯಂತ್ರವಾದರೂ ಕೇಳುತ್ತದಲ್ಲ ಎಂದು ಬೀಗಿದೆ.

ಎರಡನೇ ದಿನದ ಸುದ್ದಿ ಮುಖ್ಯವಾದದ್ದು. ಬೆಳಿಗ್ಗೆ ಹಿರಿಯೂರಿನಿಂದ ಡಾಕ್ಟರು ಲಸಿಕೆ ಹಾಕಲು ಬರುತ್ತಾರೆ, ಕುರಿಗಳನ್ನು ಮೇಯಲು ಬಿಡದೆ ರೊಪ್ಪದಲ್ಲೇ ಕೂಡಿಡಿ ಎಂದು ತಿಳಿಸಬೇಕಿತ್ತು. ಪಕ್ಕದ ಊರಿನಲ್ಲಿ ಆಗಲೇ ಕುರಿಗಳು ಸಾಯತೊಡಗಿದ್ದವು. ನನ್ನ ಮಾವನ ಮಂದೆಯೂ ಆದಿವಾಲದಲ್ಲೇ ಇತ್ತು.

ಸಂಜೆ ಆಜ್ಞೆ ಹೊರಟಿತು. ಮುಗಿಯಿತೆಂಬ ಸೂಚನೆ ಬರಲಿಲ್ಲ. ಸತ್ತೂ ಇಲ್ಲ, ಬದುಕಿಯೂ ಇಲ್ಲ, ಸುಮ್ಮನೆ ನಿಂತಿದೆ. ಚಹಾ ಕುಡಿದು ಬಂದು ಅದನ್ನು ಕೊಂದು ಮತ್ತೊಮ್ಮೆ ಕಳಿಸಿದೆ. ಮತ್ತೆ ನಿಂತಿತು!

ಅಷ್ಟರಲ್ಲಿ ಅತ್ತೆಯ ಫೋನ್ ಬಂತು. ಸುಜಾತ ನನಗೂ ಕೇಳಿಸುವಂತೆ ಇಟ್ಟು ಮಾತಾಡಿದಳು.

"ಲೇ ಸುಜಿ, ನೀನು ದುರ್ಗದಾಗೇ ಇದೀಯೇನೇ?"

"ಇಲ್ಲೇ ಇದೀನಿ ಕಣವ್ವಾ. ಯಾಕೆ?"

ಅತ್ತೆ ದನಿ ತಗ್ಗಿಸಿದರು. "ಸಂಘದ ಕಡೆಯಿಂದ ನಿನ್ನ ದನಿ ಬಂತು. 'ಅಣ್ಣೋ, ಕೇಳ್ರೀ' ಅಂತು. ಆಮ್ಯಾಕೆ ಉಸಿರೇ ಇಲ್ಲ. ಎಷ್ಟೋ ಹೊತ್ತು ಬಿಟ್ಟು ಮತ್ತೆ ಅಂಗೇ. ರೂಮಿಗೆ ಬೀಗ ಐತೆ, ಒಳಗೆ ಯಾರೂ ಇಲ್ಲ."

ಮುಸ್ಸಂಜೆಯಲ್ಲಿ ಒಂದೇ ಸಲ ಕರೆದು ಸುಮ್ಮನಾಗುವುದು ಮನುಷ್ಯರ ದನಿಯಲ್ಲ, ಅದಕ್ಕೆ ಓಗೊಡಬಾರದು ಎಂದು ಅತ್ತೆಯ ಕೇರಿಯವರೆಲ್ಲ ನಂಬುತ್ತಾರೆ. ಮನುಷ್ಯರಾದರೆ ಬಿಡದೆ ಮೂರು ಸಲ ಕರೆಯುತ್ತಾರಂತೆ.

"ಅವ್ವಾ, ಅದು ಇವರ ಕಂಪ್ಯೂಟರ್. ನಾಳೆ ಕುರಿ ಬಿಡಬ್ಯಾಡ್ರಿ ಅಂತ..."

"ಎಲ್ಲಾರೂ ಬಾಗಲು ಹಾಕ್ಕಂಡಾರೆ. ನಿಮ್ಮಪ್ಪ ಆ ಸ್ಪೀಕರ್ ವೈರೇ ಕಿತ್ತು ಬಂದಾರೆ. ಈಗ ಮಾತಾಡ್ತಿರೋದು ನೀನೇ ಅಂತ ಏನು ಗ್ಯಾರಂಟಿ?"

ಫೋನ್ ಕಟ್! ಮತ್ತೆ ಮಾಡಿದರೆ ಎತ್ತಲಿಲ್ಲ. ಸಂಘದ ಅಧ್ಯಕ್ಷರೂ ಎತ್ತಲಿಲ್ಲ.

ಸರ್ವರ್‌ನ ಒಳಹೊಕ್ಕು ನೋಡಿದೆ. ಕಪ್ಪು ಪರದೆಯ ಮೇಲೆ ಒಂದೇ ಸಾಲು: ನಿನ್ನೆಯ ಸುದ್ದಿ ಇಲ್ಲೇ ಇದೆ, ಅದನ್ನು ಅಳಿಸಿ ಹೊಸದನ್ನು ಇಡಲೇ?

"ಯಾರನ್ನ ಕೇಳ್ತಾ ಐತ್ರೀ ಅದು?" ಸುಜಾತ ನನ್ನ ತೋಳು ಹಿಡಿದಳು.

ಖಾಲಿ ಕೋಣೆಯನ್ನು! ಕೇಳದೆ ಏನನ್ನೂ ಅಳಿಸಬಾರದೆಂದು ನಾನೇ ಅದಕ್ಕೆ ತಾಕೀತು ಮಾಡಿದ್ದೆ. ಮೊದಲ ದಿನ ಅಳಿಸಲು ಹಳೆಯದೇನೂ ಇರಲಿಲ್ಲ. ಈಗ ಪಾಪ, ಕತ್ತಲಲ್ಲಿ ನನ್ನ ಉತ್ತರಕ್ಕೆ ಕಾಯುತ್ತಿತ್ತು. ಇನ್ನು ಕೇಳುವುದೇ ಬೇಡವೆಂದು ತಿದ್ದಿ ಕಳಿಸಿದೆ. ಸುದ್ದಿ ಪೂರ್ತಿ ಹೋಯಿತು. ಕಿತ್ತ ವೈರಿನವರೆಗೆ!

ಬೆಳಗಾಗುತ್ತಲೇ ಬಸ್ ಹಿಡಿದು ಆದಿವಾಲಕ್ಕೆ ಓಡಿದೆವು. ಒಂದು ಕುರಿಯೂ ಹೊರಗೆ ಹೋಗಿರಲಿಲ್ಲ. ಊರಿಗೆ ಊರೇ ಹೆದರಿ ಮಂದೆ ಬಿಟ್ಟಿರಲಿಲ್ಲ! ಡಾಕ್ಟರು ಎಲ್ಲಕ್ಕೂ ಲಸಿಕೆ ಹಾಕಿ ನನ್ನ ಕೈ ಕುಲುಕಿದರು.

"ಇಷ್ಟು ಕುರಿ ಒಟ್ಟಿಗೆ ಎಲ್ಲೂ ಸಿಕ್ಕಿರ್ಲಿಲ್ಲ. ಭಾರಿ ಪ್ರಚಾರ ಮಾಡೀರಿ!"

ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು. "ಮುಂದಿನ ಸಲನೂ ಅಂಗೇ ಒಂದೇ ಸಲ ಕರೆಸ್ರಿ ಸರ್. ಸುದ್ದಿ ಗಿದ್ದಿ ಏನೂ ಬ್ಯಾಡ."

ಮೊನ್ನೆಯಿಂದ ಅದನ್ನು ಮತ್ತೆ ಕೆಡಿಸಲು ಕೂತಿದ್ದೇನೆ. ಬೇಕೆಂದು ಮಾಡಹೋದರೆ ಅದೂ ನನಗೆ ಬರುತ್ತಿಲ್ಲ!