ಎರಡು ಸ್ವಿಚ್ಚಿನ ಸೈರನ್

ಪ್ರವಾಹದ ಸೈರನ್ನನ್ನು ಎರಡು ದೇಶಗಳು ಒಟ್ಟಿಗೇ ಕೂಗಿಸತಕ್ಕದ್ದು, ಒಂದೇ ದೇಶ ಕೂಗಿಸಿದರೆ ಅದು ಇನ್ನೊಂದು ದೇಶಕ್ಕೆ ಮಾಡಿದ ಅವಮಾನ ಎಂದು ಜಂಟಿ ನದಿ ಸ್ನೇಹ ಮಂಡಳಿಯ ಮೊದಲನೆಯ ನಿಯಮ ಹೇಳುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನದಿಯ ಈ ದಡ ಒಂದು ದೇಶ, ಆ ದಡ ಇನ್ನೊಂದು. ನದಿಗೆ ಮಾತ್ರ ಇದು ಗೊತ್ತಿಲ್ಲ. ಉಕ್ಕಿದಾಗ ಎರಡೂ ಕಡೆ ನುಗ್ಗುತ್ತದೆ. ಆದ್ದರಿಂದ ಇಬ್ಬರಿಗೂ ಸೇರಿ ಒಂದೇ ಸೈರನ್ ಸಾಕೆಂದು ತೀರ್ಮಾನಿಸಿ, ಅದನ್ನು ಈ ದಡದಲ್ಲಿ ನಿಲ್ಲಿಸಿದರು. ಸಲಹೆಗೆಂದು ಮಳೆಯೇ ಬೀಳದ ದೂರದ ದೇಶವೊಂದರಿಂದ ತಜ್ಞರು ಬಂದಿದ್ದರು. ನದಿಯ ಬಗ್ಗೆ ಯಾವ ಪೂರ್ವಗ್ರಹವೂ ಇಲ್ಲದಿರುವುದೇ ಅವರ ಅರ್ಹತೆ. ಅವರು ಹೇಳಿದಂತೆ ಸೈರನ್ನಿಗೆ ಎರಡು ಸ್ವಿಚ್ಚು ಇಟ್ಟರು, ಎದುರುಬದುರು ಗೋಡೆಗೆ ಒಂದೊಂದು. ಎರಡೂ ದೇಶದ ಅಧಿಕಾರಿಗಳು ಒಟ್ಟಿಗೆ ಒತ್ತಿದರೆ ಮಾತ್ರ ಅದು ಕೂಗುತ್ತದೆ. ಯಾರಾದರೂ ಒಬ್ಬರೇ ಎರಡನ್ನೂ ಒತ್ತಿಬಿಟ್ಟರೆ ಸಹಕಾರ ಕೆಡುತ್ತದಲ್ಲ? ಅದಕ್ಕೆ ಎರಡೂ ದೇಶದ ನೌಕರರಲ್ಲಿ ಅತಿ ಉದ್ದ ತೋಳಿನವನನ್ನು ಹುಡುಕಿ, ಕೈ ಚಾಚಿ ನಿಲ್ಲಿಸಿ, ಅದಕ್ಕಿಂತ ಅಗಲವಾಗಿ ಕೋಣೆ ಕಟ್ಟಿದರು.

ಈ ದಡದ ಸ್ವಿಚ್ಚಿಗೆ ನೇಮಕವಾದವರನ್ನು ಊರು ಸ್ವಿಚ್ ಸಾಹೇಬ ಎಂದೇ ಕರೆಯುತ್ತಿತ್ತು. ಆ ದಡದ ಸ್ವಿಚ್ಚಿನ ಅಧಿಕಾರಿ ದಿನಾ ಬೆಳಿಗ್ಗೆ ಸೇತುವೆ ದಾಟಿ ಬಂದು, ತಮ್ಮ ಗೋಡೆಯ ಪಕ್ಕ ಕೂತು, ಸಂಜೆ ಸೇತುವೆ ದಾಟಿ ಹೋಗುತ್ತಿದ್ದರು. ಪರದೇಶದವರು ರಾತ್ರಿ ಈ ದಡದಲ್ಲಿ ಉಳಿಯುವಂತಿರಲಿಲ್ಲ. ನೀರು ಏರಿದಾಗ, ಅಥವಾ ಸೈರನ್ ಕೂಗಿದಾಗ, ಸುರಕ್ಷತೆಗಾಗಿ ಸೇತುವೆಯನ್ನು ಮುಚ್ಚತಕ್ಕದ್ದು ಎಂಬ ನಿಯಮವೂ ಇತ್ತು. ಸೈರನ್ನಿನ ನಿಯಮವನ್ನು ಊಟಕ್ಕೆ ಮುಂಚೆ, ಸೇತುವೆಯದನ್ನು ಊಟವಾದ ಮೇಲೆ ಒಪ್ಪಿದ್ದರಿಂದ ಎರಡನ್ನೂ ಒಟ್ಟಿಗೆ ಯೋಚಿಸುವ ಸಂದರ್ಭ ಯಾರಿಗೂ ಬರಲಿಲ್ಲ.

ಆ ಬೆಳಿಗ್ಗೆ ನದಿ ಕಚೇರಿ ಸಮಯಕ್ಕೆ ಮುಂಚೆಯೇ ಉಕ್ಕಿತು. ಸೇತುವೆ ಮುಚ್ಚಿತು. ಸ್ವಿಚ್ ಸಾಹೇಬರು ಕರ್ತವ್ಯಕ್ಕೆ ಚ್ಯುತಿ ಬಾರದಂತೆ ತಮ್ಮ ಸ್ವಿಚ್ಚನ್ನು ಒತ್ತಿ ಹಿಡಿದರು. ಪುಟ್ಟದೊಂದು ಕೆಂಪು ದೀಪ ಹತ್ತಿ, 'ಸಹಕಾರದ ನಿರೀಕ್ಷೆಯಲ್ಲಿ' ಎಂಬ ಅಕ್ಷರಗಳು ಬೆಳಗಿದವು. ಇನ್ನೊಂದು ಕೈಯಲ್ಲಿ ಆಚೆ ದಡಕ್ಕೆ ಫೋನ್ ಮಾಡಿದರು.

"ನೀವು ಒತ್ತಿ ಹಿಡ್ಕೊಂಡಿರಿ ಸಾರ್. ಸೇತುವೆ ಬಿಟ್ಟ ತಕ್ಷಣ ಓಡಿ ಬರ್ತೀನಿ."

"ಯಾವಾಗ ಬಿಡ್ತಾರಂತೆ?"

"ನೀರು ಇಳಿದ ಮೇಲೆ."

"ಸರಿ ಸರಿ, ಆತುರ ಬೇಡ. ಜೋಪಾನವಾಗಿ ಬನ್ನಿ."

ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಕೆಮ್ಮಿದ. "ಆ ಕಡೇದನ್ನ ನಾನು ಒತ್ತಲಾ ಸಾರ್?"

"ನೀನು ಯಾವ ದೇಶದವನಯ್ಯಾ?"

"ಇದೇ ದೇಶ."

"ಮತ್ತೆ?"

ಕಾವಲುಗಾರನಿಗೆ ತಾನು ಎಂಥ ಅನಾಹುತ ಮಾಡಲಿದ್ದೆ ಎಂದು ಹೊಳೆಯಿತು. "ತಪ್ಪಾಯ್ತು ಸಾರ್. ನಮ್ಮಂಥೋರಿಂದಲೇ ಯುದ್ಧ ಆಗೋದು," ಎಂದು ಹೊರಗೆ ಹೋಗಿ ಕೂತ.

ಆಗ ಅಕ್ಕನ ಫೋನ್ ಬಂತು. ಅಕ್ಕ ಎಂದರೆ ಸ್ವಿಚ್ ಸಾಹೇಬರ ಒಡಹುಟ್ಟಿದ ಅಕ್ಕ. ತಗ್ಗಿನ ಬೀದಿಯಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದಳು. ಇವರನ್ನು ಓದಿಸಿದ್ದೂ ಆ ಹೊಲಿಗೆ ಮೆಷಿನ್ನೇ.

"ಏನೋ, ನಿನ್ನ ಸೈರನ್ನು ಬದುಕಿದೆಯಾ, ಸತ್ತಿದೆಯಾ? ಮೆಟ್ಟಿಲ ಹತ್ರ ನೀರು ಬಂದಿದೆ ಕಣೋ!"

"ಬಂದಿರಬಹುದು ಅಕ್ಕ. ಅಧಿಕೃತವಾಗಿ ಬಂದಿಲ್ಲ."

"ಹಾಗಾದ್ರೆ ನನ್ನ ಕಾಲು ಒದ್ದೆಯಾಗಿರೋದು ಯಾತರಿಂದ? ನಿನ್ನ ಮಂಡಳಿ ಬೆವರಿಂದಲಾ?"

"ರೇಗಬೇಡ, ಕೇಳು."

"ಪಕ್ಕದ ಮನೆಯೋನು ಇದಾನೆ, ಇಬ್ಬರೂ ಹಿಡಿದ್ರೆ ಮೆಷಿನ್ನು ಈಗಲೇ ಗುಡ್ಡಕ್ಕೆ ಹೋಗುತ್ತೆ. ಎತ್ತಲಾ, ಬೇಡ್ವಾ? ಅಷ್ಟು ಹೇಳು."

ಸ್ವಿಚ್ ಸಾಹೇಬರು ಕಿಟಕಿಯಾಚೆ ನೋಡಿದರು. ನದಿ ಕಂದುಬಣ್ಣಕ್ಕೆ ತಿರುಗಿ, ಯಾರದೋ ಬಾಗಿಲೊಂದನ್ನು ಹೊತ್ತು ಹೋಗುತ್ತಿತ್ತು. ಎತ್ತು ಎಂದು ಬಾಯಿಗೆ ಬಂದದ್ದನ್ನು ಅವರು ನುಂಗಿಕೊಂಡರು. ಏಕೆಂದರೆ ಸೈರನ್ ಕೂಗುವ ಮೊದಲೇ ಮನೆ ಬಿಟ್ಟವರನ್ನು ನಿಯಮಾವಳಿ 'ಸ್ವಇಚ್ಛೆಯ ಪ್ರವಾಸಿಗರು' ಎಂದು ಕರೆಯುತ್ತದೆ. ಪ್ರವಾಸಿಗರ ಸಾಮಾನು ಕೆಟ್ಟರೆ ಮಂಡಳಿ ಹೊಣೆಯಲ್ಲ. ಸೈರನ್ ಕೂಗಿದ ಮೇಲೆ ಕೆಟ್ಟರೆ ಹೊಸ ಮೆಷಿನ್ನೇ ಸಿಗುತ್ತದೆ, ಅದೂ ಕರೆಂಟಿನದು.

"ಸ್ವಲ್ಪ ತಡಿ ಅಕ್ಕ. ಕೂಗಿದ ಮೇಲೆ ಎತ್ತು. ನಾನು ಇಲ್ಲಿ ಒತ್ತಿಕೊಂಡೇ ಇದೀನಿ."

"ನೀನು ಹೇಳಿದ ಮೇಲೆ ಆಯ್ತಪ್ಪ," ಎಂದಳು ಅಕ್ಕ. ತಮ್ಮ ಅಧಿಕಾರಿಯಲ್ಲವೇ, ಅದಕ್ಕೆ ನಂಬಿದಳು.

ಸಂಜೆಯ ಹೊತ್ತಿಗೆ ಅಕ್ಕ ಪಕ್ಕದ ಮನೆಯ ಮಾಳಿಗೆಯ ಮೇಲಿದ್ದಳು, ಮೆಷಿನ್ನು ಎದೆಮಟ್ಟ ನೀರಿನಡಿ ಇತ್ತು, ಸ್ವಿಚ್ ಸಾಹೇಬರ ಬೆರಳು ಸ್ವಿಚ್ಚಿನ ಮೇಲೇ ಇತ್ತು.

ನೀರು ಇಳಿದ ಮೇಲೆ ಮಂಡಳಿ ಸಭೆ ಸೇರಿತು. ಸೈರನ್ ಕೂಗಿಲ್ಲವಾದ್ದರಿಂದ ಪ್ರವಾಹ ಬಂದಿಲ್ಲ, ಆದ್ದರಿಂದ ಪ್ರವಾಹದ ಹಾನಿಯನ್ನು ಪೂರ್ತಿಯಾಗಿ ತಗ್ಗಿಸಿದಂತಾಯಿತು ಎಂದು ಘೋಷಿಸಲಾಯಿತು. ಮಳೆ ಬೀಳದ ದೇಶದ ತಜ್ಞರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಬ್ಬರು ಸ್ವಿಚ್ಚಿನ ಅಧಿಕಾರಿಗಳಿಗೂ ಶಾಲು ಹೊದಿಸಿದರು. ಒಬ್ಬರಿಗೆ ಒತ್ತಿದ್ದಕ್ಕೆ, ಇನ್ನೊಬ್ಬರಿಗೆ ಒತ್ತಬೇಕೆಂದುಕೊಂಡದ್ದಕ್ಕೆ.

ಶಾಲು ಹೊದ್ದೇ ಸ್ವಿಚ್ ಸಾಹೇಬರು ಅಕ್ಕನ ಮನೆಗೆ ಹೋದರು. ಅಕ್ಕ ಚಮಚದಿಂದ ಮೆಷಿನ್ನಿನ ಹೊಟ್ಟೆಯೊಳಗಿನ ಕೆಸರು ಕೆರೆಯುತ್ತಿದ್ದಳು. ಚಕ್ರ ತಿರುಗುತ್ತಿರಲಿಲ್ಲ.

"ಶಾಲು ಚೆನ್ನಾಗಿದೆ," ಎಂದಳು ಅಕ್ಕ, ತಲೆ ಎತ್ತದೆ. "ಅಂಚು ಬಿಟ್ಟಿದೆ. ಹೊಲಿದು ಕೊಡೋಣ ಅಂದ್ರೆ ಮೆಷಿನ್ನಿಲ್ಲ."

ಅಷ್ಟು ಸಾಕಾಯಿತು. ಸ್ವಿಚ್ ಸಾಹೇಬರು ಮಂಡಳಿಯ ಎಲ್ಲ ಮೇಜುಗಳ ಮುಂದೆಯೂ ಹಲ್ಲು ಗಿಂಜಿದರು. ಮಂಡಳಿ ಕಲ್ಲು ಮನಸ್ಸಿನದಲ್ಲ. ಹೊಸ ಮೆಷಿನ್ನು ಕೊಡಲು ಅದಕ್ಕೆ ಅಡ್ಡಿಯಿರಲಿಲ್ಲ, ಪ್ರವಾಹ ಮಾತ್ರ ಬೇಕಿತ್ತು. ಆದ್ದರಿಂದ ಹವಾಮಾನ ಚೆನ್ನಾಗಿರುವ ಒಂದು ದಿನ ನೋಡಿ, ಗಣ್ಯರ ಸಮ್ಮುಖದಲ್ಲಿ ಸೈರನ್ ಕೂಗಿಸುವುದಾಗಿಯೂ, ಆಗ ಸಾಮಾನು ಹೊತ್ತು ಗುಡ್ಡ ಹತ್ತಿದವರನ್ನು ಸಂತ್ರಸ್ತರೆಂದು ಪರಿಗಣಿಸುವುದಾಗಿಯೂ ಪ್ರಕಟಣೆ ಹೊರಟಿತು.

ಆ ದಿನ ಸುಡು ಬಿಸಿಲು. ಇಬ್ಬರು ಅಧಿಕಾರಿಗಳೂ ಒಬ್ಬರ ಮುಖ ಒಬ್ಬರು ನೋಡಿ, ತಲೆಯಾಡಿಸಿ, ಒಟ್ಟಿಗೆ ಒತ್ತಿದರು. ಸೈರನ್ ಎಷ್ಟು ಜೋರಾಗಿ ಕೂಗಿತೆಂದರೆ ಅದು ಕೆಲಸ ಮಾಡುತ್ತದೆಂದು ಗೊತ್ತಿಲ್ಲದ ಎಂಜಿನಿಯರುಗಳು ಕುರ್ಚಿಯಿಂದ ಬಿದ್ದರು. ಗಣ್ಯರು ಊಟಕ್ಕೆ ಆಚೆ ದಡಕ್ಕೆ ಹೊರಟರು. ಆ ದಡದ ಅಧಿಕಾರಿಯೂ ಅವರ ಜೊತೆ ಹೋದರು. ಅವರೆಲ್ಲ ದಾಟುವವರೆಗೆ ಮರ್ಯಾದೆಯಿಂದ ಕಾದು, ಆಮೇಲೆ ಸೇತುವೆಯ ಗೇಟು ಹಾಕಿದರು.

ತಗ್ಗಿನ ಬೀದಿ ಧೂಳೆಬ್ಬಿಸುತ್ತ ಗುಡ್ಡ ಹತ್ತಿತು. ಸ್ವಿಚ್ ಸಾಹೇಬರು ಓಡಿ ಬಂದು ಮೆಷಿನ್ನಿನ ಒಂದು ತುದಿ ಹಿಡಿದರು. ಮೇಲೆ ಪರಿಶೀಲನಾಧಿಕಾರಿ ಕಾದಿದ್ದರು.

"ನೀರು ಎಷ್ಟಿತ್ತಮ್ಮ?"

"ಎದೆಮಟ್ಟ."

"ಇತ್ತು ಅಂದ್ರೆ ಆಗಲ್ಲ. ಈಗ ಎಷ್ಟಿದೆ?"

ಅಕ್ಕ ಕೆಳಗೆ ನೋಡಿದಳು. ಬೀದಿಯಲ್ಲಿ ನಾಯಿಯೊಂದು ಬಿಸಿಲು ಕಾಯಿಸುತ್ತ ಮಲಗಿತ್ತು. ಆಮೇಲೆ ತಮ್ಮನ ಮುಖ ನೋಡಿದಳು. ತಮ್ಮ ನೆಲ ನೋಡುತ್ತಿದ್ದ.

"ಎದೆಮಟ್ಟ ಇದೆ ಸಾರ್," ಎಂದಳು.

"ಮಂಜೂರು. ಆದ್ರೆ ನೀರು ಇಳಿಯಿತು ಅನ್ನೋ ಸೈರನ್ ಆಗೋವರೆಗೆ ಯಾರೂ ಕೆಳಗೆ ಇಳಿಯಬಾರದು. ಇಳಿದ್ರೆ ಪ್ರವಾಸಿಗರು."

ನೀರು ಇಳಿದ ಸೈರನ್ನಿಗೂ ಇಬ್ಬರೇ ಒತ್ತಬೇಕು. ಒಬ್ಬರು ಆಚೆ ದಡದಲ್ಲಿದ್ದರು. ಸೇತುವೆ ತೆರೆಯಲು ಆ ಸೈರನ್ನೇ ಕೂಗಬೇಕು. ಸ್ವಿಚ್ ಸಾಹೇಬರು ಗುಡ್ಡ ಇಳಿಯುವಂತಿಲ್ಲವಾಗಿ ತಮ್ಮ ಸ್ವಿಚ್ಚನ್ನೂ ಒತ್ತುವಂತಿರಲಿಲ್ಲ. ಅವರು ಶಾಲು ಹಾಸಿ ಅಕ್ಕನನ್ನು ಕೂರಿಸಿದರು.

ಹೊತ್ತು ಇಳಿಯಿತು. ಪಕ್ಕದ ಮನೆಯವನು ನೀರಿನ ಕೊಡ ಕೆಳಗೇ ಮರೆತು ಬಂದಿದ್ದ. ಬಾಯಾರಿಕೆ ತಡೆಯದೆ ಎದ್ದು, ಚಪ್ಪಲಿ ಮೆಟ್ಟಿ, ಇಳಿಜಾರಿನತ್ತ ಹೆಜ್ಜೆ ಹಾಕಿದ.

"ಏಯ್, ಹುಚ್ಚು ಹಿಡಿದಿದೆಯೇನೋ ನಿಂಗೆ?" ಅಕ್ಕ ಓಡಿಹೋಗಿ ಅವನ ತೋಳು ಹಿಡಿದೆಳೆದಳು. "ಮುಳುಗಿ ಸಾಯ್ತೀಯ!"

ಅವನು ಬೀದಿಯನ್ನು ಒಮ್ಮೆ ನೋಡಿ, ಹೌದಲ್ಲ ಎಂದು ಚಪ್ಪಲಿ ಕಳಚಿ, ವಾಪಸ್ಸು ಬಂದು ಕೂತ.