ಚಾಚಾನ ಮೈದಾನ

ಚೆಂಡು ಸಿಕ್ಕರೆ ಮುಜೀಬ ಯಾರಿಗೂ ಪಾಸ್ ಕೊಡುವವನಲ್ಲ; ಬ್ರೇಕ್ ಹೋದ ಟ್ರ್ಯಾಕ್ಟರಿನಂತೆ ಓಡುತ್ತಿದ್ದ. ರಮೇಶಕುಮಾರ ಓಡುವವನೇ ಅಲ್ಲ; ಗೋಲಿನ ಎದುರು ನಿಂತೂ ಹಿಂದಿದ್ದವನಿಗೆ ಪಾಸ್ ಕೊಡುತ್ತಿದ್ದ. ಇವರಿಬ್ಬರ ನಡುವೆ ಶಹಾಬಾದ ಫುಟ್‌ಬಾಲ್ ತಂಡದ ಕೋಚ್ ಶಾಂತಕುಮಾರ ಹೈರಾಣಾಗಿದ್ದ.

ಇವತ್ತು ವಾಡಿ ತಂಡದೊಂದಿಗೆ ಪಂದ್ಯ. ಮೈದಾನ ಕಲ್ಲು ಪಾಲಿಶ್ ಕಾರ್ಖಾನೆಯ ಬಂದೇಅಲಿ ಚಾಚಾರದು. ಅವರು ಆಡಿನ ಕೊಟ್ಟಿಗೆಗೂ ನುಣ್ಣನೆಯ ಪಾಲಿಶ್ ಪರಸಿಕಲ್ಲು ಹಾಸಿದ ಧಾರಾಳಿ. ಆಡುಗಳು ಜಾರುತ್ತಲೇ ಮೇಯುತ್ತಿದ್ದವು. "ಗೆದ್ದರ ಮೈದಾನ ನಿಮ್ದು, ಸೋತರ ಇಲ್ಲೇ ಕಲ್ಲು ಒಟ್ಟತೀನಿ" ಎಂದಿದ್ದರು.

ಅರ್ಧ ಆಟ ಮುಗಿಯುವ ಹೊತ್ತಿಗೆ ಶಹಾಬಾದ ಒಂದು ಗೋಲು ಹಿಂದೆ. ವಾಡಿಯ ಮೂವರು ಮುಜೀಬನಿಗೆ ಬೆಲ್ಲಕ್ಕೆ ಇರುವೆಯಂತೆ ಮುತ್ತಿದ್ದರು.

"ಪಾಸ್ ಕೊಡಾಕ ಹೇಳೋ ಶಾಂತ್ಯಾ! ಹಿಂದ ನಾಯಿ ಬಿದ್ದಂಗ ಓಡಾಕತ್ಯಾನ" ಎಂದು ಶಾಂತಕುಮಾರನ ನೆರೆಮನೆಯ ರೇವಣಪ್ಪ ಕೂಗಿದ.

ಮುಜೀಬನ ತಾಯಿ ಮಾಸುಮಬಿ ಬಿಡಲಿಲ್ಲ. "ನನ್ನ ಮಗ ಬೆವರು ಸುರಿಸಿ ತಂದ ಚೆಂಡು ಮಂದಿಗ್ಯಾಕ ಕೊಡಬೇಕು?"

ವಿರಾಮದಲ್ಲಿ ಶಾಂತಕುಮಾರನ ಹೆಂಡತಿ ಜಗದೇವಿ ಬುತ್ತಿ ಬಿಚ್ಚಿದಳು.

"ರೊಟ್ಟಿ ಗಂಟಲದಾಗ ಇಳಿವಲ್ದು" ಎಂದ ಶಾಂತಕುಮಾರ.

"ಬರೇ ರೊಟ್ಟಿ ಹ್ಯಾಂಗ ಇಳೀತದ್ರಿ? ಪುಂಡಿಪಲ್ಯ ಹಚ್ಕೋರಿ."

ತುತ್ತು ಕೈಯಲ್ಲೇ ನಿಂತಿತು. ರೊಟ್ಟಿಗೆ ಪಲ್ಯದ ಜೋಡಿ ಬೇಕಲ್ಲ ಎಂದು ಹೊಳೆದು ಅವನು ಹುಡುಗರಿಬ್ಬರನ್ನೂ ಕರೆದ. "ಮುಜೀಬ, ನೀ ಓಡು. ಅವರು ಮೈಮ್ಯಾಲ ಬಂದಕೂಡ್ಲೆ ರಮೇಶಗ ಪಾಸ್ ಕೊಡು. ರಮೇಶ, ನೀ ಪಾಸ್ ಕೊಡ್ತೀಯಂತ ಅವರು ಬ್ಯಾರೆದವರ ಕಡಿ ನೋಡ್ತಾರ. ಆವಾಗ ನೀ ಓಡು!"

"ನಾನಾ?" ರಮೇಶಕುಮಾರನ ಮುಖ ಬಿಳಿಚಿತು.

ಆದರೂ ಓಡಿದ. ವಾಡಿಯವರು ನೋಡುತ್ತಿರುವಾಗಲೇ ಗೋಲು! ಆಮೇಲೆ ಅವರೆಲ್ಲ ರಮೇಶಕುಮಾರನನ್ನು ಕಾಯತೊಡಗಿದರು. ಮುಜೀಬ ಚೆಂಡಿನೊಂದಿಗೆ ಒಬ್ಬನೇ ಹೋಗಿ ಎರಡನೆಯದು ಹೊಡೆದ. ಗೆದ್ದರು.

ಶಾಂತಕುಮಾರ ಮೊದಲು ಜಗದೇವಿಗೆ ಕೈ ಮುಗಿದ. "ಮಂದಿ ನೋಡಾಕತ್ಯಾರ, ಸುಮ್ಕಿರ್ರಿ" ಎಂದು ಅವಳು ಸೆರಗು ಬಾಯಿಗೆ ಹಿಡಿದಳು. ಆಮೇಲೆ ಅವನು ಚಾಚಾರ ಬಳಿ ಓಡಿದ.

"ನಿಮ್ಮ ಉಪಕಾರ ಹ್ಯಾಂಗ ತೀರಸ್ಲಿ ಚಾಚಾ?"

"ಉಪಕಾರ ನಿಂದು ಬೇಟಾ. ಊರಿನ ಮಾನ ಉಳಿಸಿದಿ. ಇಂಥಾ ಹುಡುಗರು ಮಣ್ಣಾಗ ಬೀಳೋದು ನನಗ ನೋಡಾಕ ಆಗಲಿಲ್ಲ."

ಚಾಚಾ ಕೈ ಬೀಸಿದರು. ಕಾರ್ಖಾನೆಯ ಗೇಟು ತೆರೆಯಿತು. ಕಲ್ಲು ತುಂಬಿದ ಟ್ರ್ಯಾಕ್ಟರು ನೆಟ್ಟಗೆ ಮೈದಾನದ ನಡುವೆ ಬಂದು ನಿಂತಿತು.

"ಮೈದಾನ ತುಂಬ ಪಾಲಿಶ್ ಪರಸಿ ಹಾಸತೀನಿ. ಫುಕಟ್!"

ಶಾಂತಕುಮಾರನ ಕಣ್ಣು ತುಂಬಿತು. "ಭಾಳ... ಭಾಳ ಉಪಕಾರ ಆತ್ರಿ" ಎಂದ.

ಚಾಚಾ ತಮ್ಮ ರುಮಾಲಿನಿಂದ ಅವನ ಕಣ್ಣೊರೆಸಿದರು. "ಅಳಬ್ಯಾಡ ಬೇಟಾ. ಗೋಲಿನ ಒಳಗೂ ಹಾಸತೀನಿ."