ಮಾವ ಕೊಟ್ಟ ಹೆಸರುಗಳು

ಇದರಲ್ಲಿ ನಡೆದದ್ದೆಷ್ಟು, ನಾನು ಹೇಳುತ್ತ ಹೇಳುತ್ತ ಬೆಳೆಸಿದ್ದೆಷ್ಟು ಎಂದು ಕೇಳಿದರೆ ಪ್ರಮಾಣ ಮಾಡಿ ಹೇಳಲಾರೆ. ಕೆಲವು ಪ್ರಸಂಗಗಳಿಗೆ ನಾನೇ ಸಾಕ್ಷಿ. ಆದರೆ ಆ ಸಾಕ್ಷಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ನಮ್ಮ ಗುರುಗಳು ಆಧಾರವಿಲ್ಲದೆ ಬಾಯಿ ಬಿಡಬಾರದೆಂದು ಕಲಿಸಿದರು. ಅಂದಿನಿಂದ ಬೆಳಿಗ್ಗೆ ತಿಂದದ್ದು ಉಪ್ಪಿಟ್ಟೋ ಅವಲಕ್ಕಿಯೋ ಎಂದು ಯಾರಾದರೂ ಕೇಳಿದರೆ ತಟ್ಟೆ ನೋಡಿ ಬಂದು ಉತ್ತರಿಸುವವನು ನಾನು. ಒಂದು ಸಂಗತಿಯಲ್ಲಿ ಮಾತ್ರ ನನಗೆ ಅನುಮಾನವಿಲ್ಲ: ಕೊಪ್ಪಳ ಜಿಲ್ಲೆಯಲ್ಲಿ ನಮ್ಮ ಸೋದರಮಾವನಂಥ ಗುತ್ತಿಗೆದಾರ ಇನ್ನೊಬ್ಬನಿಲ್ಲ. ಅವನ ಕೈಕೆಳಗಿನ ಕೆಲಸಗಾರರು ಇದುವರೆಗೆ ಒಮ್ಮೆಯೂ ಮುಷ್ಕರ ಹೂಡಿಲ್ಲ. ಹೂಡುವುದಾದರೂ ಹೇಗೆ? ಇರುವುದು ಒಬ್ಬನೇ ಕೆಲಸಗಾರ, ಅವನೂ ಮಾವನೇ!

ಮಾವ ಗಂಗಾವತಿಯವನು, ಬಾಯ್ಲರ್ ಫಿಟ್ಟರ್. ಸುಗ್ಗಿಯಲ್ಲಿ ಅಕ್ಕಿ ಗಿರಣಿಗಳು, ಉಳಿದ ಕಾಲ ಕೊಪ್ಪಳದ ಸುತ್ತಿನ ಕಾರ್ಖಾನೆಗಳು. ಮೂರು ತಿಂಗಳು ಇಲ್ಲಿ, ಹದಿನೈದು ದಿನ ಅಲ್ಲಿ ಎಂದು ಗುತ್ತಿಗೆಯ ಮೇಲೆಯೇ ದುಡಿದವನು. ಮೊದಲು ಗೇಟಿನ ಹತ್ತಿರ ನಿಂತು "ಮಂದಿ ಬೇಕೇನ್ರಿ?" ಅಂದರೆ ಮುಗಿಯುತ್ತಿತ್ತು. ಈಗ ನಡುವೆ ಏಜೆಂಟರು ಬಂದಿದ್ದಾರೆ. ಮೊಬೈಲ್ ಅಂಗಡಿಯ ಮಹಡಿಯ ಮೇಲೆ ಒಂದು ಮೇಜು, ಒಂದು ಫ್ಯಾನು, ಗೋಡೆಯ ಮೇಲೆ ಕೋಟು ತೊಟ್ಟ ಇಬ್ಬರು ಕೈಕುಲುಕುವ ಪಟ. ಅವರಲ್ಲಿ ಅರ್ಜಿ ಹಾಕಿದರೆ ಎರಡು ರೆಫರೆನ್ಸ್ ಕೊಡಬೇಕು. ಎಂದರೆ, ಹಿಂದೆ ನಿಮ್ಮಿಂದ ಕೆಲಸ ಮಾಡಿಸಿಕೊಂಡ ಇಬ್ಬರ ಹೆಸರು, ಹುದ್ದೆ, ಮೊಬೈಲ್ ನಂಬರು.

ಮಾವ ಮೊದಲ ಸಲ ಮುಗ್ಧನಾಗಿ ಕೊಟ್ಟ. ಸಿದ್ದಾಪುರದ ಗಿರಣಿ ಮ್ಯಾನೇಜರನ ಹೆಸರು. ಏಜೆಂಟ ಫೋನು ಮಾಡಿ ಮಾವನ ಬಗ್ಗೆ ಅರ್ಧ ನಿಮಿಷ ಕೇಳಿದನಂತೆ. ಆಮೇಲೆ "ಅದಿರ್ಲಿ ಸರ್, ನಿಮ್ಮಲ್ಲಿ ಮಂದಿ ಬೇಕೇನು? ಕಡಿಮಿ ರೇಟಿನಾಗ ಕಳಸ್ತೀನಿ" ಎಂದು ಅರ್ಧ ತಾಸು ಮಾತಾಡಿದನಂತೆ. ಮುಂದಿನ ಸುಗ್ಗಿಗೆ ಮಾವ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಹೋದರೆ, ಬಾಯ್ಲರಿನ ಅಡಿಯಿಂದ ಬೇರೆ ಯಾರದೋ ಎರಡು ಜೊತೆ ಕಾಲು ಹೊರಗೆ ಚಾಚಿಕೊಂಡಿದ್ದವು!

"ಹಾದಿ ನಾನ ತೋರಿಸಿ, ನಾನ ಹೊರಗ ನಿಂತೆ ನೋಡಪಾ ಅಳಿಯಾ" ಎಂದ ಮಾವ ಅಂದೇ ಶಪಥ ಮಾಡಿದ: ಇನ್ನು ಏಜೆಂಟರಿಗೆ ಉಪಯೋಗಕ್ಕೆ ಬರುವ ಒಂದು ಹೆಸರನ್ನೂ ಕೊಡುವುದಿಲ್ಲ.

ಶಪಥ ಸುಖವಾಗಿ ನಡೆದಿತ್ತು. ಅಷ್ಟರಲ್ಲಿ ಅತ್ತೆಯ ಮೊಣಕಾಲು ಕೆಟ್ಟಿತು. ನೀರು ತುಂಬಲು ಮೂರು ಮೆಟ್ಟಿಲು ಇಳಿಯುವುದಕ್ಕೆ ಆಕೆ ಮೂರು ದೇವರನ್ನು ಕರೆಯಬೇಕಾಯಿತು. ಆಪರೇಷನ್ ಆಗಲೇಬೇಕೆಂದರು ಡಾಕ್ಟರು. ಅದೇ ಹೊತ್ತಿಗೆ ಕೊಪ್ಪಳದ ಹತ್ತಿರದ ಕಾರ್ಖಾನೆಯೊಂದರಲ್ಲಿ ವರ್ಷವಿಡೀ ನಡೆಯುವ ಗುತ್ತಿಗೆ ಕೆಲಸವೊಂದು ಖಾಲಿಯಿತ್ತು. ಅದರ ಜೊತೆಗೆ, ಹೆಂಡತಿಯ ಆಸ್ಪತ್ರೆಯನ್ನೂ ನೋಡಿಕೊಳ್ಳುವ ಕಾರ್ಮಿಕ ವಿಮೆಯ ಕಾರ್ಡು. ಮಾವನಿಗೆ ಆ ಕಾರ್ಡು ಬೇಕೇ ಬೇಕಿತ್ತು. ಆದರೆ ದಾರಿಯೆಲ್ಲ ಏಜೆಂಟರ ಮಹಡಿಯ ಮೇಲೆಯೇ ಹಾದುಹೋಗುತ್ತಿತ್ತಲ್ಲ!

ಮಾವ ಮೂವರು ಏಜೆಂಟರಲ್ಲಿ ಅರ್ಜಿ ಹಾಕಿದ. ಮೊದಲನೆಯವನು ಗಂಗಾವತಿಯಲ್ಲೇ ಇದ್ದ ಟೈ ಕಟ್ಟುವ ಮನುಷ್ಯ. "ರೆಫರೆನ್ಸ್ ಆಮ್ಯಾಲೆ ನೋಡೋಣು. ಬ್ಯಾರೆ ಎಲ್ಲಿ ಕೆಲಸ ಖಾಲಿ ಅದಾವ, ಅಷ್ಟು ಹೇಳ್ರಿ. ನಿಮ್ಮ ಅರ್ಜಿ ಮ್ಯಾಲೆ ಇಡ್ತೀನಿ" ಎಂದ.

"ತಾವರಗೇರಾಕ ಹೋಗ್ರಿ ಸಾಹೇಬ್ರ," ಎಂದ ಮಾವ. "ಭಾರಿ ಫರ್ನೇಸ್ ಐತಿ. ಪೂರಾ ಭತ್ತದ ಹೊಟ್ಟಿನ ಮ್ಯಾಲೆ ನಡೀತೈತಿ. ಮುಂಜಾನಿಂದ ಸಂಜಿತನಕ ಉರಿ ಆರಂಗಿಲ್ಲ. ಮಂದಿ ಸಿಗವಲ್ರು ಅಂತ ಮಾಲಕ ತೆಲಿ ಮ್ಯಾಲೆ ಕೈ ಹೊತ್ತು ಕುಂತಾನ."

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಏಜೆಂಟ ಬಿಸಿಲಲ್ಲಿ ಬೈಕು ಹೊಡೆದುಕೊಂಡು ಹೋಗಿ ನೋಡಿದರೆ, ಅದು ಮಂಡಕ್ಕಿ ಹುರಿಯುವ ಭಟ್ಟಿ! ಮಾಲೀಕರು ವಯಸ್ಸಾದ ಸಾಹೇಬರು. ಬಂದವನ ಬೂಟು, ಟೈ ಎಲ್ಲ ನೋಡಿ, "ಮಂದಿ ಬೇಕ್ರಿ, ಖರೇನ ಬೇಕು. ನೀವು ಯಾವಾಗಿಂದ ಬರ್ತೀರಿ ಬೇಟಾ? ಕೊರಳಾಗಿಂದು ಮಾತ್ರ ಬಿಚ್ಚಿಟ್ಟು ಬರ್ರಿ, ಉರಿ ಹತ್ತೀತು" ಎಂದರಂತೆ. ಏಜೆಂಟ ಒಂದು ಚೀಲ ಮಂಡಕ್ಕಿ ಕೊಂಡು ಮರಳಿದ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮಾವ ಮಾತ್ರ ಚೀಲದ ಸುದ್ದಿ ತಾನು ಹೇಳೇ ಇಲ್ಲ ಎನ್ನುತ್ತಾನೆ. ಹಾಗಾದರೆ ಆ ಚೀಲ ಬಂದದ್ದೆಲ್ಲಿಂದ?

ಎರಡನೆಯ ಏಜೆಂಟ ಕುಷ್ಟಗಿಯವನು. ಅವನು ರೆಫರೆನ್ಸ್ ಬೇಕೇ ಬೇಕೆಂದು ಹಟ ಹಿಡಿದ. ಮಾವ ಕ್ಷಣವೂ ಯೋಚಿಸದೆ, 'ದೊಡ್ಡ ಕಂಪನಿಯ ಮ್ಯಾನೇಜರ್' ಎಂದು ಹೇಳಿ ಟೈ ಕಟ್ಟಿದವನ ನಂಬರನ್ನೇ ಕೊಟ್ಟುಬಿಟ್ಟ!

ಇನ್ನು ಕೇಳಬೇಕೆ? "ಸರ್, ನಿಮ್ಮಲ್ಲಿ ಎಷ್ಟು ಮಂದಿ ಬೇಕು?" ಎಂದು ಕುಷ್ಟಗಿಯವನು. ಮಂದಿಯ ಮಾತೆತ್ತಿದವನು ಗಿರಾಕಿಯೇ ಇರಬೇಕೆಂದು ತಿಳಿದು, "ನಿಮಗೆಷ್ಟು ಬೇಕು ಹೇಳ್ರಿ" ಎಂದು ಟೈ ಕಟ್ಟಿದವನು. "ಮೊದಲ ನೀವು ಹೇಳ್ರಿ." "ಛೇ ಛೇ, ದೊಡ್ಡವ್ರು ನೀವು ಹೇಳ್ರಿ." ಹೀಗೇ ಏರುತ್ತ ಏರುತ್ತ ನಲವತ್ತು ಫಿಟ್ಟರುಗಳಿಗೆ ಮಾತು ಕುದುರಿತು. ಎದುರುಬದುರು ಕೂತು ಗಟ್ಟಿ ಮಾಡೋಣವೆಂದು ಯಲಬುರ್ಗಾದ ಖಾನಾವಳಿಯೊಂದರಲ್ಲಿ ಸೇರಿದರು. ಇಬ್ಬರೂ ನಗುತ್ತ ಒಂದೇ ಗಳಿಗೆಗೆ ವಿಸಿಟಿಂಗ್ ಕಾರ್ಡು ಹೊರತೆಗೆದರು. ಎರಡೂ ಕಾರ್ಡಿನ ಮೇಲೆ ಅದೇ ಕೋಟಿನವರು ಕೈಕುಲುಕುತ್ತಿದ್ದರು! ತಾನು ಪಕ್ಕದ ಮೇಜಿನಲ್ಲಿ ಮಿರ್ಚಿ ತಿನ್ನುತ್ತ ಇದನ್ನೆಲ್ಲ ಕಣ್ಣಾರೆ ಕಂಡೆ ಎಂದು ಮಾವ ಹೇಳುತ್ತಾನೆ. ಮಿರ್ಚಿಯನ್ನು ನಾನು ನಂಬುತ್ತೇನೆ.

ನಕ್ಕದ್ದಾಯಿತು, ಎರಡು ಬಾಗಿಲೂ ಮುಚ್ಚಿದ್ದಾಯಿತು. ಉಳಿದದ್ದು ಕೊಪ್ಪಳದ ಮೂರನೆಯ ಏಜೆಂಟು. ಆಕೆ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ನಗುವ ಅಭ್ಯಾಸವಿಲ್ಲದವಳು. "ಕಾಕಾ, ನಿಮ್ಮ ಮಂಡಕ್ಕಿ ಸುದ್ದಿ ಇಲ್ಲಿತನಕ ಬಂದೈತಿ. ನನ್ನ ಮುಂದ ಆಟ ಬ್ಯಾಡ. ಸಂಜಿ ಐದರೊಳಗ ಎರಡು ಹೆಸರು, ಫೋನು ಹಚ್ಚಿದ್ರ ಎತ್ತೋ ಹೆಸರು. ಇಲ್ಲಾಂದ್ರ ಅರ್ಜಿ ಹರದು ಹಾಕ್ತೀನಿ."

ಮಾವ ಮೊದಲ ಹೆಸರು ನನ್ನದು ಕೊಟ್ಟ. ನಾನು ಯಲಬುರ್ಗಾದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ನಾನೂ ಗುತ್ತಿಗೆಯವನೇ. ನನಗೆ ಹೆಮ್ಮೆಯಾಯಿತು. "ನನ್ನನ್ನೇ ಯಾಕೆ ಆರಿಸಿದಿ ಮಾವಾ?" ಎಂದು ಕೇಳಿದೆ.

"ನಿನ್ನ ಕಡಿಂದ ಕಸಗೊಳ್ಳಾಕ ಏನೈತಿ? ಅದಕ್ಕ."

ನಾಲ್ಕೂವರೆಗೆ ಫೋನು ಬಂತು. ಈ ಸಂಭಾಷಣೆ ಮಾತ್ರ, ದುರ್ದೈವದಿಂದ, ನನಗೆ ಚೆನ್ನಾಗಿ ನೆನಪಿದೆ.

"ಸರ್, ಇವ್ರು ನಿಮಗ ಎಷ್ಟು ವರ್ಷದಿಂದ ಗೊತ್ತು?"

"ಹುಟ್ಟಿದಾಗಿಂದ್ರಿ. ಆದ್ರ ಮೊದಲಿನ ನಾಕು ವರ್ಷ ನನಗ ನೆನಪಿಲ್ಲ. ಅವನ್ನ ಹಿಡೀಬ್ಯಾಡ್ರಿ."

"ಕೆಲಸ ಹೆಂಗ ಮಾಡ್ತಾರ?"

"ಛಲೋ ಮಾಡ್ತೀನಿ ಅಂತ ಅವ್ರ ಹೇಳ್ತಾರ್ರಿ."

"ನೀವು ನೋಡಿಲ್ಲೇನು?"

"ಬಾಯ್ಲರ್ ಒಳಗ ಹೋಗೂದು ನೋಡೀನಿ, ಹೊರಗ ಬರೂದೂ ನೋಡೀನಿ. ನಡುವ ಏನು ಮಾಡ್ತಾರ ಅನ್ನಾಕ ನನ್ನ ಕಡೆ ಆಧಾರ ಇಲ್ರಿ."

ಆ ಕಡೆ ಪೆನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು. "ಸರ್, ನೀವು ಇವ್ರ ಪರವಾಗಿ ಮಾತಾಡಾಕತ್ತೀರೋ, ವಿರುದ್ಧವಾಗೋ?"

ಇದಕ್ಕೂ ನಾನು ಖಚಿತ ಉತ್ತರ ಕೊಡುವ ಮೊದಲೇ ಫೋನು ಕಟ್ಟಾಯಿತು.

ಭಾನುವಾರ ಗಂಗಾವತಿಗೆ ಹೋದರೆ ಮಾವ ಮುಖ ತಿರುಗಿಸಿ ಕೂತಿದ್ದ. "ಒಂದು ಸುಳ್ಳು ಹೇಳಾಕ ಬರಂಗಿಲ್ಲ, ಯುನಿವರ್ಸಿಟಿಯೊಳಗ ಏನ ಕಲತಿಯೋ ಶ್ಯಾಣ್ಯಾ?" ಎಂದ. ಅತ್ತೆ ಗೋಡೆ ಹಿಡಿದುಕೊಂಡು ಬಂದು ಚಹಾ ಕೊಟ್ಟಳು. "ಇರ್ಲಿ ಬಿಡ್ರಿ, ಇದ್ದದ್ದು ಹೇಳ್ಯಾನ," ಎಂದು ನನ್ನ ಪರ ವಹಿಸಿದಳು. ಹೀಗೆ ಪರ ವಹಿಸಿದ್ದಕ್ಕಿಂತ ಆಕೆ ನನ್ನ ತಲೆಯ ಮೇಲೆ ಚಹಾ ಸುರಿದಿದ್ದರೆ ಚೆನ್ನಾಗಿತ್ತು. ಆಕೆ ಮರಳಿ ಅಡುಗೆಮನೆ ಮುಟ್ಟುವವರೆಗೆ ನಾನು ಕಪ್ಪಿನಿಂದ ಕಣ್ಣೆತ್ತಲಿಲ್ಲ.

ಎಂಟೋ ಒಂಬತ್ತೋ ದಿನದ ಮೇಲೆ ಮಾವನಿಗೆ ಕೆಲಸ ಸಿಕ್ಕ ಸುದ್ದಿ ಬಂತು! ಅದೂ ಹಗಲು ಪಾಳಿ. ಹೊಸಬರನ್ನು ಮೊದಲ ಆರು ತಿಂಗಳು ರಾತ್ರಿ ಪಾಳಿಗೇ ಹಾಕುವುದು ಅಲ್ಲಿಯ ಪದ್ಧತಿ. "ಮಾರಿ ನೋಡಿದ ಕೂಡ್ಲೆ ಗೊತ್ತಾಗಿರತೈತಿ, ಇದು ಸಣ್ಣ ಅಸಾಮಿ ಅಲ್ಲ ಅಂತ," ಎಂದು ಮಾವ ಮೀಸೆ ತಿರುವಿದ. ಕಾರ್ಡು ಬಂತು, ಆಪರೇಷನ್ನೂ ಆಯಿತು. ಅತ್ತೆ ಈಗ ಮೂರು ಮೆಟ್ಟಿಲನ್ನು ಒಂದೇ ದೇವರಿನಲ್ಲಿ ಮುಗಿಸುತ್ತಾಳೆ. ಎರಡನೆಯ ರೆಫರೆನ್ಸ್ ಯಾರದೆಂದು ಕೇಳಿದರೆ ಮಾವ, "ಅದು ನಿನಗ್ಯಾಕ?" ಎಂದು ಎದ್ದುಹೋಗುತ್ತಿದ್ದ.

ಇತಿಹಾಸ ಓದಿದವನು ಸುಮ್ಮನಿರುತ್ತಾನೆಯೇ? ಮಾವನ ಫೋಟೋ ಕೊಡುವ ನೆಪ ಮಾಡಿಕೊಂಡು ಕೊಪ್ಪಳದ ಆ ಮಹಡಿ ಹತ್ತಿದೆ.

"ಓಹೋ, ಆಧಾರ ಇಲ್ಲದವ್ರು ನೀವ ಏನ್ರಿ?" ಎಂದಳು ಆಕೆ. ನಗುವ ಅಭ್ಯಾಸವಿಲ್ಲದವಳು ನಕ್ಕಳು. ನಾನು ಬಂದದ್ದು ಯಾಕೆಂದು ಅವಳಿಗೆ ತಿಳಿದಂತಿತ್ತು, ಫೈಲು ತೆಗೆದಳು.

ಎರಡನೆಯ ಹೆಸರು ಅತ್ತೆಯದು! ಹುದ್ದೆ: ಮೇಲಧಿಕಾರಿ.

"ಫೋನಿನಾಗ ಕುಕ್ಕರ್ ಸೀಟಿ ಹೊಡದಾಗ ತಿಳೀತ್ರಿ ನನಗ," ಎಂದಳು. "ಇವ್ರ ಬಗ್ಗೆ ಹೇಳೂದು ಏನರ ಐತೇನ್ರಿ ಅಂದ್ನಿ. ಹೊಗಳ್ತಾರ ಅಂದ್ಕೊಂಡ್ರ, ಆ ಅಮ್ಮ ಒಂದು ಗುಟ್ಟು ಹೇಳಿದ್ರು. ಅಮ್ಮಾ, ಇದನ್ನ ಬರಕೊಂಡ್ರ ಕೆಲಸ ತಪ್ಪಿದ್ರೂ ತಪ್ಪೀತು ಅಂದ್ನಿ. 'ತಪ್ಪಿದ್ರ ತಪ್ಲಿ, ಬರಕೋರಿ' ಅಂದ್ರು. ಮೊಣಕಾಲಿನ ಮಾತ ಎತ್ತಲಿಲ್ಲ. ಅದು ನನಗ ಕಾರ್ಡಿನ ಕಾಗದ ಬಂದಾಗ ಗೊತ್ತಾತು."

ಫೈಲನ್ನು ನನ್ನ ಕಡೆಗೆ ತಿರುಗಿಸಿದಳು. ಉಳಿದದ್ದರಲ್ಲಿ ಎಷ್ಟು ನಿಜವೋ ನಾನರಿಯೆ. ಇದನ್ನು ಮಾತ್ರ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದ್ದೇನೆ. ಷರಾ ಎಂಬ ಕಾಲಮ್ಮಿನಲ್ಲಿ, ನೀಲಿ ಶಾಯಿಯಲ್ಲಿ, ಹೀಗೆ ಬರೆದಿದೆ: "ರಾತ್ರಿ ಪಾಳಿ ಬೇಡ. ಬಲಗಣ್ಣು ಕತ್ತಲಲ್ಲಿ ಕಾಣುವುದಿಲ್ಲ. ಯಾರಿಗೂ ಗೊತ್ತಿಲ್ಲವೆಂದು ಅವರು ತಿಳಿದಿದ್ದಾರೆ. ಹೆಂಡತಿಗೆ ಗೊತ್ತಿದೆ."